ಹೆಸರು ಹಾಕಬೇಡಿ ಅಂದವನಿಗೆ

ಅಪ್ಪನಿಗೆ ಸ್ಟ್ರೋಕ್ ಆಗಿ ಈ ಭಾನುವಾರಕ್ಕೆ 11 ತಿಂಗಳು. ಕಳೆದ ವಾರ ಅವರು ಕೋಲು ಹಿಡಿದು ಹಾಲ್‌ನಿಂದ ಹಿತ್ತಲಿನತನಕ ನಡೆದು, ಕರಿಬೇವಿನ ಗಿಡ ಮುಟ್ಟಿ ಬಂದರು. ಕುವೆಂಪುನಗರದ ನಮ್ಮ ಮನೆಯ ಮಟ್ಟಿಗೆ ಅದು ಚಾಮುಂಡಿಬೆಟ್ಟ ಹತ್ತಿ ಇಳಿದ ಹಾಗೆ. ವಿಚಾರಿಸಿಕೊಂಡವರಿಗೆಲ್ಲ ಫೋನ್ ಮಾಡಿ ಹೇಳಲಾಗದೆ ಇದನ್ನು ಬರೆಯುತ್ತಿದ್ದೇನೆ.

ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದು ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋಗಿದ್ದವು. ಮೂಗಿಗೆ ಟ್ಯೂಬ್, ಮೂತ್ರಕ್ಕೆ ಕ್ಯಾತಿಟರ್. ಡಿಸ್ಚಾರ್ಜ್ ದಿನ ಯಾರೋ ಕೈಗಿಟ್ಟ ಚೀಟಿ ನೋಡಿ ರೋಗಿಯನ್ನು ನೋಡಿಕೊಳ್ಳೋಕೆ ಮನೆಗೆ ಜನ ಕಳಿಸುವ ಏಜೆನ್ಸಿಯೊಂದಕ್ಕೆ ಫೋನ್ ಮಾಡಿದೆ. ಎಷ್ಟಾಗುತ್ತೆ, ಯಾವಾಗ ಕಳಿಸ್ತೀರಾ, ನಾನು ಕೇಳಿದ್ದು ಇವೆರಡೇ. ತಿಂಗಳ ಅಡ್ವಾನ್ಸ್ ಕಟ್ಟಿಸಿಕೊಂಡರು. 20 ದಿನದಲ್ಲಿ ಮೂವರು ಬಂದುಹೋದರು. ‘ಟ್ರೇನ್ಡ್’ ಅಂತ ಕಳಿಸಿದ ಹುಡುಗ ಅಪ್ಪನನ್ನು ಅಂಗಾತ ಮಲಗಿಸಿಯೇ ಟ್ಯೂಬಿಗೆ ಗಂಜಿ ಹಾಕಲು ಹೊರಟಿದ್ದ. ತಲೆ ಎತ್ತರಿಸದೆ ಹಾಕಿದರೆ ಶ್ವಾಸಕೋಶಕ್ಕೆ ಹೋಗಬಹುದು ಅಂತ ವಾರ್ಡಿನ ಸಿಸ್ಟರ್ ನನಗೇ ಹೇಳಿಕೊಟ್ಟಿದ್ದರು. ಇನ್ನೊಬ್ಬನಿಗೆ ರಾತ್ರಿಯಿಡೀ ಮೊಬೈಲ್. ಮೂರನೇ ವಾರಕ್ಕೆ ಅಪ್ಪನ ಸೊಂಟದ ಕೆಳಗೆ ನಾಣ್ಯದಗಲ ಕೆಂಪು, ಒಂದೇ ಮಗ್ಗುಲಲ್ಲಿ ಮಲಗಿ ಹುಣ್ಣಾಗುವ ಮೊದಲ ಗುರುತು. ಅಡ್ವಾನ್ಸ್ ಇವತ್ತಿಗೂ ವಾಪಸ್ ಬಂದಿಲ್ಲ, ಬಿಡಿ.

ಮೊದಲ ನಮಸ್ಕಾರ ಫಿಸಿಯೋಥೆರಪಿಸ್ಟ್ ಮೇಡಂಗೆ. "ರೇಟ್ ಆಮೇಲೆ ಕೇಳಿ. ಬಂದವರ ಕೈಲಿ ಅಪ್ಪನ್ನ ಒಂದ್ಸಲ ಮಗ್ಗುಲು ತಿರುಗಿಸಿ ನೋಡಿ. ಸೋತ ಕೈ ಹಿಡಿದು ಎಳೆದರೆ ವಾಪಸ್ ಕಳಿಸಿ" ಅಂದರು. ನಾವು ಕೊಡೋ ದುಡ್ಡಲ್ಲಿ ಕೆಲಸದವರ ಕೈಗೆ ಎಷ್ಟು ಸೇರುತ್ತೆ, ರಜಾ ಹಾಕಿದರೆ ಬದಲಿಗೆ ಯಾರು, ಪೊಲೀಸ್ ವೆರಿಫಿಕೇಶನ್ ಆಗಿದೆಯಾ, ಎಲ್ಲ ಅವರೇ ಬರೆಸಿದ ಪ್ರಶ್ನೆ. ನರ್ಸ್ ಬೇಕೋ ಅಟೆಂಡರ್ ಸಾಕೋ ಅನ್ನೋದೇ ನನಗೆ ಅಲ್ಲೀತನಕ ತಿಳಿದಿರಲಿಲ್ಲ. ಟ್ಯೂಬ್, ಕ್ಯಾತಿಟರ್ ಬದಲಿಸೋಕೆ ನರ್ಸ್ ಆಗಾಗ ಬಂದುಹೋದರೆ ಆಯಿತು. ಹಗಲೂ ರಾತ್ರಿ ಬೇಕಾದದ್ದು ಮೈ ಒರೆಸಿ, ಮಗ್ಗುಲು ಬದಲಿಸುವ ಕೈ.

ಹಾಗೆ ಬಂದವನು ಸಿಂಧನೂರಿನ ಕಡೆಯ ಹುಡುಗ. ಚಪ್ಪಲಿ ಬಿಟ್ಟು, ಕೈ ತೊಳೆದು, ಮಂಚದ ಪಕ್ಕ ಕೂತು ಅಪ್ಪನನ್ನೇ ಕೇಳಿದ: "ಅಜ್ಜಾರ, ಯಾವ ಮಗ್ಗಲಾ ಮಲಗೋದು ರೂಢಿ ಐತ್ರಿ?"

ಅವರಿಗೆ ಮಾತು ಬರಲ್ಲಪ್ಪ ಅಂದೆ.

"ಕಿವಿ ಅದಾವಲ್ರಿ ಅಕ್ಕಾರ."

ಏರ್‌ಬೆಡ್ ಹಾಕಿದ್ದೀವಲ್ಲ ಅಂದರೂ ಕೇಳದೆ ಎರಡು ಗಂಟೆಗೊಮ್ಮೆ, ರಾತ್ರಿ ಕೂಡ, ಮಗ್ಗುಲು ಬದಲಿಸಿದ. ಕ್ಯಾಲೆಂಡರಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ‘ಎ’, ‘ಬ’ ಅಂತ ಗುರುತು, ಪಕ್ಕದಲ್ಲಿ ಗಂಟೆ. ಆ ಹಾಳೆಗಳನ್ನು ಇನ್ನೂ ಹರಿದಿಲ್ಲ. ಕೆಂಪು ಮಾಯವಾಯಿತು. ಅಪ್ಪನಿಗೆ ಮೊದಲು ಮರಳಿದ ಮಾತು ಒಂದೇ, "ಸಾಕು". ನೀರು ಬೇಕಾದರೂ ಸಾಕು, ಫ್ಯಾನ್ ಹಾಕೋಕೂ ಸಾಕು. ನಮಗೆ ತಿಳಿಯದು, ಅವರಿಗೆ ರೇಗುವುದು. ಇವನು ಮಾತ್ರ "ಇದು ಹೊರಗ ಕೂಡೋ ಸಾಕ್ರಿ, ಇದು ಸಿಟ್ಟಿನ ಸಾಕು" ಅಂತ ಬಿಡಿಸಿ ಹೇಳುತ್ತಿದ್ದ. ಈಗ ಹತ್ತಿಪ್ಪತ್ತು ಮಾತು ಬಂದಿವೆ, ಆದರೂ ‘ಸಾಕು’ ಹೋಗಿಲ್ಲ.

ಅವನಿಗೆ ವಾರದ ರಜೆ ತಪ್ಪಬಾರದೆಂದು ಪ್ರತಿ ಭಾನುವಾರ ಬಂದು ಕೂತ ಅತ್ತಿಗೆಗೆ, ರಾತ್ರಿ ಎಷ್ಟೊತ್ತಿಗೆ ಕರೆದರೂ ಕಾರ್ ತೆಗೆದ ಎದುರುಮನೆ ಮೇಷ್ಟ್ರಿಗೆ ಋಣಿ.

ಅವನ ಹೆಸರು ಹಾಕುತ್ತೇನೆ ಅಂದಾಗ ಬ್ಯಾಡ್ರಿ ಅಂದ. ಊರಲ್ಲಿ ಆಸ್ಪತ್ರೆಯ ಕೆಲಸ ಅಂತ ಹೇಳಿಕೊಂಡಿದ್ದಾನಂತೆ. "ಮಂದಿ ಮೈ ತೊಳೀತಾನ ಅಂತ ತಿಳದ್ರ ಹೆಣ್ಣು ಕೊಡಂಗಿಲ್ರಿ." ನನಗೆ ಉತ್ತರ ತೋಚಲಿಲ್ಲ.

ಮೊನ್ನೆ ತಂಗಿ ಮದುವೆಗೆಂದು ಊರಿಗೆ ಹೊರಟ, ಒಂದು ತಿಂಗಳು ರಜೆ. ಬಸ್ ಹತ್ತಿಸಿ ಮನೆಗೆ ಬಂದರೆ ಅಪ್ಪ ಬಾಗಿಲನ್ನೇ ನೋಡುತ್ತಾ "ಸಾಕು" ಅಂದರು. ಅದು ಯಾವ ಸಾಕು ಅಂತ ಕೇಳೋಣವೆಂದರೆ ಅವನ ಬಸ್ಸು ಅಷ್ಟೊತ್ತಿಗೆ ಶ್ರೀರಂಗಪಟ್ಟಣ ದಾಟಿರಬೇಕು.