ಕಿವಿ ತೋರಿಸಿಕೊಂಡು ಬಂದಿದ್ದೇನೆ, ಈಗ ನಿಮ್ಮ ಸೌಂಡ್‌ಬಾರ್ ಬಗ್ಗೆ ಮಾತಾಡೋಣ

ಗ್ರಾಹಕ ಸೇವೆಯ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮಲ್ಲಿ ಕೊಂಡ ಸೌಂಡ್‌ಬಾರ್ (ಟಿವಿಯ ಕೆಳಗೆ ಇಡುವ ಉದ್ದನೆಯ ಸ್ಪೀಕರ್ ಪೆಟ್ಟಿಗೆ) ಬಗ್ಗೆ ಇದು ನನ್ನ ಐದನೇ ದೂರು: ತೋರಿಸಿದ್ದು ಒಂದು, ಕಳಿಸಿದ್ದು ಇನ್ನೊಂದು. ಮೊದಲ ನಾಲ್ಕು ಫೋನಿನಲ್ಲಿ ಆದವು. ನಾಲ್ಕರಲ್ಲೂ ನಿಮ್ಮವರು ತುಂಬ ವಿನಯದಿಂದ ಮಾತಾಡಿ, 48 ಗಂಟೆಯೊಳಗೆ ವಾಪಸ್ ಫೋನ್ ಮಾಡುತ್ತೇವೆ ಎಂದರು. ಯಾರೂ ಮಾಡಲಿಲ್ಲ. ನಿನ್ನೆ ಸಂಜೆ ಮಾತ್ರ ಒಂದು ಮೆಸೇಜ್ ಬಂತು: 'ನಿಮ್ಮ ದೂರು ಪರಿಹಾರವಾಗಿದೆ, ಸೇವೆಗೆ ಅಂಕ ಕೊಡಿ.' ಅಂಕ ಕೊಡಲು ಅದರಲ್ಲಿ ಜಾಗ ಸಾಲಲಿಲ್ಲ, ಅದಕ್ಕೇ ಈ ಪತ್ರ.

ನಾನು ಕಣ್ಣು ಮುಚ್ಚಿ ದುಡ್ಡು ಸುರಿಯುವವನಲ್ಲ. ಆಗಸ್ಟ್‌ನಲ್ಲೇ ಶಿವಮೊಗ್ಗದ ನಿಮ್ಮ ಮಳಿಗೆಗೆ ಬಂದು ಬೆಲೆ ಕೇಳಿ ಹೋಗಿದ್ದೆ. 55 ಇಂಚಿನ ಟಿವಿಗೆ 64,000 ಎಂದಿರಿ. ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯುತ್ತದೆ ಅಂತ ಗೊತ್ತಾದ ಮೇಲೆ ಕಾದೆ. ಅದೇ ಟಿವಿ 59,000ಕ್ಕೆ ಬಂತು. ಲೆಕ್ಕ ಸರಿಯಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಕಾಯುವಾಗ ನೋಟ್‌ಬುಕ್‌ನಲ್ಲಿ ಎಲ್ಲ ದಾರಿಗಳನ್ನೂ ಬರೆದುಕೊಂಡಿದ್ದೆ. ಬರೀ ಟಿವಿ ತಗೊಂಡರೆ ಅದರ ಸ್ಪೀಕರ್ 20 ವ್ಯಾಟ್, ಅದೂ ತೆಳ್ಳಗಿನ ಪೆಟ್ಟಿಗೆಯಾದ್ದರಿಂದ ಕೆಳಕ್ಕೆ ಮುಖ ಮಾಡಿ ಕೂತಿರುತ್ತದೆ, ನಮ್ಮ ಹೆಂಚಿನ ಮನೆಯಲ್ಲಿ ಮಳೆ ಶುರುವಾದರೆ ವಾರ್ತೆ ಓದುವವರ ಬಾಯಿ ಆಡುವುದಷ್ಟೇ ಕಾಣುತ್ತದೆ. ಪ್ರೊಜೆಕ್ಟರ್ ಅಂದರೆ ಹಗಲಲ್ಲಿ ಕಿಟಕಿ ಮುಚ್ಚಿ ಕೂರಬೇಕು, ಅದನ್ನು ಹೊಡೆದು ಹಾಕಿದೆ. ರಿಸೀವರ್ ಮತ್ತು ಐದು ಬಿಡಿ ಸ್ಪೀಕರ್ ಅಂದರೆ ಟಿವಿಗಿಂತ ಜಾಸ್ತಿ ಖರ್ಚು, ಮೇಲೆ ಮನೆ ತುಂಬ ವೈರು. ಕೊನೆಗೆ ಉಳಿದದ್ದು ಎರಡು. ಒಂದು, ಸೌಂಡ್‌ಬಾರ್. ಇನ್ನೊಂದು, ನನ್ನ ಹತ್ತಿರ ಇರುವ ಹಳೇ ಸ್ಟೀರಿಯೋ ಆಂಪ್ಲಿಫೈಯರ್ ಮತ್ತು ಮರದ ಪೆಟ್ಟಿಗೆಯ ಎರಡು ಸ್ಪೀಕರ್‌ಗಳನ್ನೇ ಟಿವಿಗೆ ಜೋಡಿಸುವುದು.

ಎರಡನೆಯದನ್ನು ಹೇಳಿದಾಗ ನಿಮ್ಮ ಸೇಲ್ಸ್‌ಮನ್ ನಕ್ಕ. 'ಆ ಕಾಲ ಹೋಯ್ತು ಸರ್' ಎಂದ. ಆಮೇಲೆ 5.1 ಸೌಂಡ್‌ಬಾರ್ ಹಚ್ಚಿ ತೋರಿಸಿದ: ಸದ್ದಿಗೆ ಐದು ಬೇರೆ ಬೇರೆ ದಾರಿ (ಚಾನೆಲ್), ಜೊತೆಗೆ ದಪ್ಪ ಸದ್ದಿಗೆ ಒಂದು ಸಬ್‌ವೂಫರ್. ಸುಳ್ಳು ಹೇಳುವುದಿಲ್ಲ, ಚೆನ್ನಾಗಿತ್ತು. ಬಾರ್ ಒಳಗೆ ಮಾತಿಗೇ ಅಂತ ನಡುವೆ ಬೇರೆ ಚಾನೆಲ್ ಇತ್ತು, ಹಿಂದೆ ಇಡಲು ಎರಡು ಪುಟ್ಟ ಸ್ಪೀಕರ್. 'ಅಟ್ಮಾಸ್ ಬೇಕಾದ್ರೆ ಇನ್ನೂ ಹನ್ನೆರಡು ಸಾವಿರ, ತಲೆ ಮೇಲಿಂದ ಸೌಂಡ್ ಬರುತ್ತೆ' ಎಂದ. ತಲೆ ಮೇಲಿಂದ ಸದ್ದು ನಮಗೆ ಮಲೆನಾಡಿನ ಮಳೆ ಪುಕ್ಕಟೆ ಕೊಡುತ್ತದೆ, ಬೇಡ ಎಂದೆ. ನನಗೆ ಬೇಕಿದ್ದದ್ದು ಆ ನಡುವಿನ ಚಾನೆಲ್. ಅದೊಂದಕ್ಕಾಗಿ 24,000 ಕೊಡಲು ಒಪ್ಪಿದೆ. ಅಕ್ಟೋಬರ್ 1, ಆಯುಧಪೂಜೆಯ ದಿನ ಒಟ್ಟು 83,000 ಕಟ್ಟಿದೆ.

4ನೇ ತಾರೀಕು ಸಾಗರದ ಮನೆಗೆ ಬಂದ ಪೆಟ್ಟಿಗೆಯಲ್ಲಿದ್ದದ್ದು 2.1, ಅಂದರೆ ಎಡ, ಬಲ ಮತ್ತು ಸಬ್‌ವೂಫರ್ ಅಷ್ಟೇ. ಹಿಂದಿನ ಸ್ಪೀಕರೂ ಇಲ್ಲ, ನಡುವಿನ ಚಾನೆಲ್ಲೂ ಇಲ್ಲ. ಮಾಡೆಲ್ ಹೆಸರು ಹೆಚ್ಚುಕಡಿಮೆ ಅದೇ, ಕೊನೆಯ ಒಂದು ಅಕ್ಷರ ಮಾತ್ರ ಬೇರೆ. ನಿಮ್ಮ ಬಿಲ್ಲಿನಲ್ಲಿ ಮಾಡೆಲ್ ನಂಬರೇ ಇಲ್ಲ, 'ಸೌಂಡ್‌ಬಾರ್ ವಿತ್ ಸಬ್‌ವೂಫರ್' ಅಂತಷ್ಟೇ ಇದೆ. ಎಷ್ಟು ಜಾಣತನ ಅಲ್ವಾ? ಅದೇ 2.1 ಪಕ್ಕದ ಬೀದಿಯ ಅಂಗಡಿಯಲ್ಲಿ 13,500. ಮೂರನೇ ದಿನವೇ ಫೋನ್ ಮಾಡಿದ್ದೇನೆ.

ಇಷ್ಟೇ ಆಗಿದ್ದರೆ ಈ ಪತ್ರ ಅರ್ಧ ಪುಟದಲ್ಲಿ ಮುಗಿಯುತ್ತಿತ್ತು. ಅಕ್ಟೋಬರ್ 26ರ ಭಾನುವಾರ ನಿಮ್ಮ ಸರ್ವಿಸ್ ಹುಡುಗ ಬಂದ. ದೀಪಾವಳಿಗೆ ಬಂದಿದ್ದ ಬೀಗರು ಇನ್ನೂ ಮನೆಯಲ್ಲಿದ್ದರು. ಎಲ್ಲರೂ ಹಾಲ್‌ನಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆವು.

'ಏನ್ ಸರ್ ಪ್ರಾಬ್ಲಮ್?' ಎಂದ.

ಮೂರು ವಿಷಯ ಎಂದೆ. ಇದು ನಾನು ಕೊಂಡ ಮಾಡೆಲ್ ಅಲ್ಲ. ಮಾತು ಸ್ಪಷ್ಟವಾಗಿ ಕೇಳುವುದಿಲ್ಲ. ತುಟಿ ಆಡಿ ಸ್ವಲ್ಪ ಹೊತ್ತಿನ ಮೇಲೆ ಮಾತು ಬರುತ್ತದೆ.

ಮೊದಲನೆಯದು ಅವನಿಗೆ ಕೇಳಿಸಲೇ ಇಲ್ಲ. (ಕಿವಿ ಯಾರದ್ದು ಪರೀಕ್ಷೆ ಆಗಬೇಕಿತ್ತೋ!) ತನ್ನ ಫೋನ್ ತೆಗೆದು ಒಂದು ಡಿಜೆ ಹಾಡು ಹಾಕಿದ. ಶೋಕೇಸಿನ ಗಾಜು ನಡುಗಿತು, ಬೀಗರ ಕೈಯಲ್ಲಿದ್ದ ಲೋಟವೂ ನಡುಗಿತು.

'ಕೇಳ್ತಾ ಇದ್ಯಾ ಸರ್?'

'ಕೇಳ್ತಾ ಇದೆ.'

'ಮತ್ತೆ ಕೇಳಲ್ಲ ಅಂದ್ರಲ್ಲ?'

'ಸದ್ದು ಕೇಳುತ್ತಪ್ಪಾ, ಮಾತು ಕೇಳಲ್ಲ ಅಂದೆ.'

ಅವನು ನನ್ನನ್ನು ಬಿಟ್ಟು ಬೀಗರ ಕಡೆ ತಿರುಗಿದ. 'ನಿಮಗೆ ಕೇಳ್ತಾ ಇದ್ಯಾ ಸರ್?' ಅವರು ಸಂಕೋಚದ ಮನುಷ್ಯ, 'ಜೋರಾಗೇ ಕೇಳ್ತಿದೆ' ಎಂದರು. 'ನೋಡಿ, ಎಲ್ರಿಗೂ ಕೇಳ್ತಿದೆ. ಸರ್, ನಿಮ್ಗೆ ವಯಸ್ಸೆಷ್ಟು?' ಅರವತ್ತಾರು ಎಂದೆ. ಯಾಕೆ ಹೇಳಿದೆನೋ ಗೊತ್ತಿಲ್ಲ, ಶಾಲೆಯಲ್ಲಿ ಎದ್ದು ನಿಂತು ಉತ್ತರ ಕೊಟ್ಟ ಹಾಗೆ ಹೇಳಿಬಿಟ್ಟೆ. 'ಹಂಗಾದ್ರೆ ಸಹಜ ಸರ್. ಒಂದ್ಸಲ ಕಿವಿ ಡಾಕ್ಟರ್ ಹತ್ರ ತೋರ್ಸಿ' ಎಂದವನು ನನ್ನ ಹೆಂಡತಿಗೆ, 'ಮೇಡಂ, ರಿಮೋಟು ನಿಮ್ಮ ಹತ್ರಾನೇ ಇಟ್ಕೊಳ್ಳಿ, ಸರ್ ಸೆಟ್ಟಿಂಗ್ ಚೇಂಜ್ ಮಾಡ್ಬಿಡ್ತಾರೆ' ಎಂದ. ಸೊಸೆ ನಗು ತಡೆಯಲು ಒಳಗೆ ಹೋದಳು. ಅವನು ವಿಸಿಟ್ ಚಾರ್ಜ್ 450 ತೆಗೆದುಕೊಂಡ, ವಾರಂಟಿ ಇರುವಾಗಲೇ. ಹೋಗುವಾಗ ನನ್ನ ಹೆಂಡತಿಯ ಫೋನಿಗೆ ಬಂದ ಒಟಿಪಿ ಕೇಳಿ ಪಡೆದ. ಆ ಒಟಿಪಿ ಕೊಟ್ಟರೆ ದೂರು ಮುಗಿದಂತೆ ಅಂತ ಅವಳಿಗೆ ಗೊತ್ತಿರಲಿಲ್ಲ. ಶೀಟಿನಲ್ಲಿ ಬರೆದದ್ದು: 'ಗ್ರಾಹಕರಿಗೆ ಬಳಕೆ ತಿಳಿಸಲಾಯಿತು.'

ಅಂದಿನಿಂದ ಬೀಗರು ಫೋನಿನಲ್ಲಿ ನನ್ನ ಜೊತೆ ಕೂಗಿ ಮಾತಾಡುತ್ತಾರೆ.

ನಿಮಗೆ ಗೊತ್ತಿರಲಿ, ನಾನು ಇಪ್ಪತ್ತು ವರ್ಷ ಹವ್ಯಾಸಿ ಯಕ್ಷಗಾನದಲ್ಲಿ ಮದ್ದಳೆ ಬಾರಿಸಿದವನು. ಭಾಗವತರ ಶ್ರುತಿಗೆ ಮದ್ದಳೆ ಕೂರಿಸುವುದು ಡಿಜೆ ಹಾಕಿದಷ್ಟು ಸುಲಭ ಅಲ್ಲ. ನಿಮ್ಮ ಬಾರ್‌ನಲ್ಲಿ ಆಟದ ವಿಡಿಯೋ ಹಾಕಿದರೆ ಚಂಡೆ ಗುಡುಗುತ್ತದೆ, ಮದ್ದಳೆ ಎಲ್ಲೋ ಕಳೆದುಹೋಗುತ್ತದೆ, ಪದದ ಸಾಹಿತ್ಯ ಒಂದಕ್ಷರ ತಿಳಿಯುವುದಿಲ್ಲ. ಆದರೂ ಅನುಮಾನ ಬೇಡ ಅಂತ ಶಿವಮೊಗ್ಗಕ್ಕೆ ಹೋಗಿ ಕಿವಿ ಪರೀಕ್ಷೆ ಮಾಡಿಸಿದೆ. ಸರಿಯಾಗಿದೆ. ರಿಪೋರ್ಟ್ ಮತ್ತು 600 ರೂಪಾಯಿಯ ಬಿಲ್ ಇದರ ಜೊತೆ ಇದೆ. ಸಲಹೆ ನಿಮ್ಮದು, ಖರ್ಚೂ ನಿಮ್ಮದೇ.

ಇನ್ನು ತುಟಿ ಮತ್ತು ಮಾತಿನ ಕಥೆ. ನವೆಂಬರ್‌ನಲ್ಲಿ ಬೆಂಗಳೂರಿಂದ ಬಂದ ಅಣ್ಣನ ಮಗ ಎರಡು ನಿಮಿಷದಲ್ಲಿ ಹಿಡಿದ. ನಿಮ್ಮವರು ಬಾರನ್ನು ಟಿವಿಗೆ ಬ್ಲೂಟೂತ್‌ನಲ್ಲಿ ಜೋಡಿಸಿ ಹೋಗಿದ್ದರು. ಅದರಲ್ಲಿ ಸದ್ದು ತಡವಾಗುವುದು ಎಲ್ಲರಿಗೂ ಗೊತ್ತಿರುವ ವಿಷಯ. ಆರ್ಕ್ ಅಂತ ಬರೆದ ಎಚ್‌ಡಿಎಂಐ ಕಿಂಡಿ ಇರುವುದೇ ಟಿವಿಯ ಸದ್ದನ್ನು ಬಾರ್‌ಗೆ ಕೊಡಲು, ಅದಕ್ಕೆ ಸೆಟ್‌ಟಾಪ್ ಬಾಕ್ಸ್ ಚುಚ್ಚಿದ್ದರು. ಅವನು ಬದಲಿಸಿದ, ಕೇಬಲ್‌ಗೆ 350 ಆಯಿತು, ತುಟಿಯೂ ಮಾತೂ ಒಂದಾದವು. ನಿಮ್ಮ ಹುಡುಗನಿಗೆ ಇದು ಗೊತ್ತಿರಲಿಲ್ಲ, ಪಾಪ, ಅವನ ಗಮನ ನನ್ನ ವಯಸ್ಸಿನ ಮೇಲಿತ್ತು. ಟಿವಿಯ ಮೇಲೆ 'ಮೋಷನ್ 120' ಅಂತ ಸ್ಟಿಕ್ಕರ್ ಇದೆ, ಒಳಗಿನ ಪ್ಯಾನೆಲ್ 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸುವಂಥದ್ದು) ಅಂತ ಮ್ಯಾನ್ಯುಯಲ್ಲಿನಲ್ಲೇ ಬರೆದಿದೆ ಅಂತಲೂ ಅವನೇ ತೋರಿಸಿದ. ಅದಕ್ಕೆ ಇನ್ನೊಂದು ಪತ್ರ ಬರೆಯುತ್ತೇನೆ.

ಈಗ ನಾವು ಟಿವಿ ಕೇಳುವುದು ಹೇಗೆ ಗೊತ್ತೇ? ಟಿವಿಯಿಂದ ಸದ್ದು ಹೊರಗೆ ಕೊಡುವ ಆಪ್ಟಿಕಲ್ ಕಿಂಡಿಗೆ 900 ರೂಪಾಯಿಯ ಒಂದು ಪುಟ್ಟ ಕನ್ವರ್ಟರ್ ಹಾಕಿ, ಟಿವಿ ಸೆಟ್ಟಿಂಗ್‌ನಲ್ಲಿ ಪಿಸಿಎಂ (ಸಾದಾ ಡಿಜಿಟಲ್ ಸದ್ದು) ಅಂತ ಇಟ್ಟು, ಅದೇ ಹಳೇ ಆಂಪ್ಲಿಫೈಯರ್‌ನಲ್ಲಿ. ಕಾಲ ಹೋದ ಸ್ಪೀಕರ್‌ನಲ್ಲಿ ಮದ್ದಳೆಯ ಛಾಪು ಪೆಟ್ಟು ಬೆರಳು ಎಣಿಸುವಷ್ಟು ಸ್ಪಷ್ಟ. ನಿಮ್ಮ 24,000ದ ಬಾರ್ ಮೇಲೆ ಸದ್ಯ ನನ್ನ ಕನ್ನಡಕ ಇಡುತ್ತೇನೆ.

ತೋರಿಸಿದ 5.1 ಕೊಡಿ ಅಂತ ಕೇಳುವ ಹುಮ್ಮಸ್ಸು ಈಗ ಇಲ್ಲ. 24,000, 450, 600 ಮತ್ತು 350 ವಾಪಸ್ ಕೊಟ್ಟು ನಿಮ್ಮ ಪೆಟ್ಟಿಗೆ ತಗೊಂಡು ಹೋಗಿ. ಜೊತೆಗೆ ಬೀಗರ ಎದುರು ಬಂದು ಒಂದು ಮಾತು ಹೇಳಿ ಹೋಗಿ, ಅದು ಜೋರಾಗಿ ಹೇಳಿದರೂ ಪರವಾಗಿಲ್ಲ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್, ಅದಾದ ಮೇಲೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ವಕೀಲರೂ ಬೇಕಾಗಿಲ್ಲ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನನಗೆ ಎರಡು ವರ್ಷ ಸಮಯ ಇದೆ. ನಿವೃತ್ತನಿಗೆ ಬೇರೆ ಕೆಲಸವೂ ಇಲ್ಲ. ವಿಚಾರಣೆಯ ದಿನ ಈ ಬಾರನ್ನೇ ಹೊತ್ತು ತಂದು ಎಲ್ಲರೆದುರು ಹಚ್ಚಲು ಅನುಮತಿ ಕೇಳುತ್ತೇನೆ. ಮಾತು ತಿಳಿಯುತ್ತಿಲ್ಲ ಅಂತ ಅಧ್ಯಕ್ಷರು ಹೇಳಿದರೆ, ಅವರ ವಯಸ್ಸೆಷ್ಟು ಅಂತ ನಿಮ್ಮ ಹುಡುಗನೇ ಕೇಳಲಿ.

ಇಂತಿ,
ಕಿವಿ ಕೇಳುವ ನಿಮ್ಮ ಗ್ರಾಹಕ,
ಸಾಗರ