ಹಳೇ ಸೈಕಲ್‌ಗೆ ಬಣ್ಣ ಹೊಡೆಸುವ ಮುನ್ನ

ಎಲ್ಲರಿಗೂ ನಮಸ್ಕಾರ. ಹಳೇ ಸೈಕಲ್ ಸಿಕ್ಕ ಕೂಡಲೇ ದಯವಿಟ್ಟು ಬಣ್ಣ ಹೊಡೆಸಲು ಹೋಗಬೇಡಿ. ಫ್ರೇಮಿನ ಮೇಲಿನ ಬಂಗಾರದ ಗೆರೆ, ಮುಂದಿನ ಲಾಂಛನ ಒಮ್ಮೆ ಹೋದರೆ ಹೋದವೇ. ಅಲ್ಲಲ್ಲಿ ತುಕ್ಕಿದ್ದರೂ ಅಸಲಿ ಬಣ್ಣವೇ ಮೇಲು. ಮೆತ್ತನೆ ಬಟ್ಟೆಗೆ ಚೂರು ಎಣ್ಣೆ ಹಾಕಿ, ಕಣ್ಣಿಗೆ ಬೀಳದ ಜಾಗದಲ್ಲಿ ಮೊದಲು ಒರೆಸಿ ನೋಡಿ.

ಹೋದ ತಿಂಗಳು ಒಂದು ಹಳೇ ಸೈಕಲ್‌ನ ಹಿಂದಿನ ಹಬ್ (ಚಕ್ರದ ನಡುವಿನ ಭಾಗ) ಮೇಲೆ ಗಟ್ಟಿಯಾಗಿದ್ದ ಗ್ರೀಸ್ ಕೆರೆದಾಗ ‘ಎಡಬ್ಲ್ಯೂ’ ಅಕ್ಷರಗಳ ಹತ್ತಿರ ‘57’ ಕಾಣಿಸಿತು. ಸ್ಟರ್ಮಿ-ಆರ್ಚರ್ ಕಂಪನಿಯ ‘ಎಡಬ್ಲ್ಯೂ’ ಮಾದರಿಯ ಮೂರು ಗೇರಿನ ಹಬ್ ಅದು, ತಯಾರಾದದ್ದು 1957ರಲ್ಲಿ. ಎಷ್ಟು ಖುಷಿಯಾಯಿತೆಂದರೆ, ಆ ರಾತ್ರಿ ನಿದ್ದೆಯೇ ಬರಲಿಲ್ಲ! ಆದರೆ ಚಕ್ರವನ್ನು ಯಾರಾದರೂ ಬದಲಿಸಿರಬಹುದು, ಹಾಗಾಗಿ ಫ್ರೇಮಿನ ನಂಬರೂ ಬೇಕು. ಸೀಟಿನ ಕೆಳಗೋ ಪೆಡಲ್ ಆಕ್ಸಲ್ ಕೂರುವ ಭಾಗದ ಅಡಿಯಲ್ಲೋ ಹುಡುಕಿ. ತಮ್ಮ ಸೈಕಲ್ ಯಾವ ಇಸವಿಯದು ಎಂದು ಇಲ್ಲಿ ಕೇಳುವವರು ಹಬ್, ಫ್ರೇಮ್ ಎರಡರ ನಂಬರಿನ ಫೋಟೋನೂ ಹಾಕಿ.

ಟೈರ್ ತರಿಸುವಾಗ ಬರೀ ‘28 ಇಂಚು’ ಅನ್ನಬೇಡಿ. ಟೈರ್ ಕೂರುವ ಜಾಗದ ಅಡ್ಡಳತೆ ಹಳೇ ರೋಡ್‌ಸ್ಟರ್ (ನೆಟ್ಟಗೆ ಕೂತು ಓಡಿಸುವ ಗಟ್ಟಿ ಸೈಕಲ್) ರಿಮ್‌ನಲ್ಲಿ 635 ಮಿ.ಮೀ., ಈಗಿನ ‘700ಸಿ’ ಎಂಬ ಅಳತೆಯ ರಿಮ್‌ನಲ್ಲಿ 622. ಎರಡನ್ನೂ 28 ಅಂತಲೇ ಕರೆಯುತ್ತಾರೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ಕ್ರ್ಯಾಂಕನ್ನು (ಪೆಡಲ್ ಕೂರುವ ತೋಳು) ಆಕ್ಸಲ್‌ಗೆ ಬಿಗಿಯುವ ಕಾಟರ್ ಪಿನ್ ಬಿಚ್ಚುವವರು ಕ್ರ್ಯಾಂಕ್ ಕೆಳಗೆ ಗಟ್ಟಿ ಆಸರೆ ಕೊಟ್ಟೇ ಸುತ್ತಿಗೆ ಎತ್ತಿ.