ಕಿಣ್ವವನ್ನು ‘ಆನ್’ ಮಾಡುವವರು ಯಾರು?

ಮಾನ್ಯ ಸಂಪಾದಕರೇ,

ವಂಶವಾಹಿಗಳನ್ನು ‘ಆನ್’, ‘ಆಫ್’ ಮಾಡುವ ಕಿಣ್ವಗಳ ಕುರಿತು ತಮ್ಮ ವಿಜ್ಞಾನ ಪುರವಣಿಯಲ್ಲಿ ಬಂದ ಬರಹವನ್ನು ದ್ವಿತೀಯ ಪಿಯುಸಿ ತರಗತಿಯಲ್ಲಿ ಓದಿಸಿದೆ. ಓದು ಮುಗಿಯುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ‘ಮೇಡಂ, ಕಿಣ್ವವನ್ನು ಆನ್ ಮಾಡುವವರು ಯಾರು?’ ಎಂದು ಕೇಳಿದಳು. ಬರಹ ಕೈಬಿಟ್ಟಿರುವುದು ಇದನ್ನೇ.

ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ, ಹಿಸ್ಟೋನ್ ಪ್ರೋಟೀನುಗಳ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಹಿಸ್ಟೋನಿನ ಬಾಲಕ್ಕೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಸೇರಿದರೆ ಹಿಡಿತ ಸಡಿಲಗೊಂಡು ವಂಶವಾಹಿ ‘ಆನ್’ ಆಗಲು ಅನುವಾಗುತ್ತದೆ, ತೆಗೆದರೆ ಬಿಗಿಯಾಗಿ ‘ಆಫ್’ ಆಗುತ್ತದೆ. ವಿಜ್ಞಾನಿ ವಿನ್ಸೆಂಟ್ ಆಲ್‌ಫ್ರೇ 1964ರಲ್ಲೇ ಸೂಚಿಸಿದ್ದ ಈ ಸಂಗತಿಯನ್ನು ಬರಹ ಸರಿಯಾಗಿಯೇ ವಿವರಿಸಿದೆ. ಆದರೆ ಹಿಸ್ಟೋನಿಗೆ ಇಂತಹ ಗುರುತುಗಳನ್ನು ಸೇರಿಸುವ, ತೆಗೆಯುವ ಹಲವು ಕಿಣ್ವಗಳು ಒಂಟಿಯಾಗಿದ್ದಾಗ ಕೈಕಟ್ಟಿ ಕುಳಿತಂತೆಯೇ ಇರುತ್ತವೆ. ಅಸಿಟೈಲ್ ಕಳಚುವ ಎಚ್‌ಡಿಎಸಿ3 ಕಿಣ್ವವು ಎನ್‌ಕೋರ್ ಅಥವಾ ಸ್ಮಾರ್ಟ್ ಎಂಬ ಜೊತೆ ಪ್ರೋಟೀನು ಅಂಟಿಕೊಳ್ಳದೆ ಕೆಲಸಕ್ಕೆ ಇಳಿಯದು. ಹಿಸ್ಟೋನಿಗೆ ಮೀಥೈಲ್ ಎಂಬ ಇನ್ನೊಂದು ರಾಸಾಯನಿಕ ಗುರುತು ಹಾಕುವ ಇಝಡ್‌ಎಚ್2 ಕಿಣ್ವ ಕೂಡ ಇಇಡಿ, ಸುಜ್12 ಎಂಬ ಪ್ರೋಟೀನುಗಳು ಜೊತೆಗಿಲ್ಲದಿದ್ದರೆ ನಿಷ್ಪ್ರಯೋಜಕ.

ಎನ್‌ಕೋರನ್ನಾದರೂ ಕರೆತರುವವರು ಬೇಕಲ್ಲ? ಥೈರಾಯ್ಡ್ ಹಾರ್ಮೋನು ಇಲ್ಲದಿರುವಾಗ ಅದರ ಗ್ರಾಹಕ ಪ್ರೋಟೀನೇ ಎನ್‌ಕೋರನ್ನೂ ಅದರೊಡನೆ ಎಚ್‌ಡಿಎಸಿ3ನ್ನೂ ತಾನು ನಿಯಂತ್ರಿಸುವ ವಂಶವಾಹಿಯ ಬಳಿ ಕೂರಿಸಿ ಅದನ್ನು ಅದುಮಿಡುತ್ತದೆ. ಹಾರ್ಮೋನು ಬಂದು ಸೇರಿದೊಡನೆ ಗ್ರಾಹಕದ ಆಕಾರ ಬದಲಾಗಿ, ಎನ್‌ಕೋರ್ ಕಳಚಿಕೊಂಡು, ಅಸಿಟೈಲ್ ಸೇರಿಸುವ ಪಿ300ನಂತಹ ಕಿಣ್ವಗಳು ಬಂದು ನಿಲ್ಲುತ್ತವೆ. ಹುಡುಗಿಗೆ ನಾನು ಕೊಟ್ಟ ಉತ್ತರ ಇಷ್ಟೇ. ಅವಳು ತಲೆಯಾಡಿಸಿದಳಾದರೂ ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಇನ್ನೊಂದು ಮಾತು. ಪುನರ್ಪುಳಿ ಶರಬತ್ತು ಕುಡಿದರೆ ವಂಶವಾಹಿಗಳು ಹತೋಟಿಗೆ ಬರುತ್ತವೆ ಎಂಬ ಸಾಲು ಬರಹದಲ್ಲಿ ಬೇಡವಾಗಿತ್ತು. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಗೇರುಬೀಜದ ಸಿಪ್ಪೆಯೆಣ್ಣೆಯಲ್ಲಿನ ಅನಕಾರ್ಡಿಕ್ ಆಮ್ಲವೂ (2003), ಪುನರ್ಪುಳಿಯ ಗಾರ್ಸಿನಾಲೂ (2004) ಪಿ300ನ್ನು ತಡೆಯುತ್ತವೆಂದು ತೋರಿಸಿದ್ದು ನಿಜ; ಅದು ಪ್ರಯೋಗನಳಿಕೆಯಲ್ಲಿ ಮತ್ತು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಕಂಡದ್ದು, ಲೋಟದ ಶರಬತ್ತಿನಲ್ಲಲ್ಲ. ಹತ್ತಾರು ಜೊತೆಗಾರರೊಡನೆ ನಾನಾ ಅಂಗಾಂಶಗಳಲ್ಲಿ ದುಡಿಯುವ ಪಿ300ನ್ನು ಸಾರಾಸಗಟಾಗಿ ತಡೆದರೆ, ಬೇಕಾದ ವಂಶವಾಹಿಗಳೂ ಮೌನವಾಗುವ ಅಪಾಯವಿದೆ.

ಬರಹದ ಜೊತೆಗಿದ್ದ ಗೋಡೆ ಸ್ವಿಚ್ಚಿನ ಚಿತ್ರದ ಬದಲು, ಕಿಣ್ವವನ್ನು ಅದರ ಜೊತೆ ಪ್ರೋಟೀನುಗಳೊಂದಿಗೆ ತೋರಿಸುವ ಚಿತ್ರವೊಂದನ್ನು ಮುಂದಿನ ಪುರವಣಿಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ಜೀವಶಾಸ್ತ್ರ ಉಪನ್ಯಾಸಕಿ, ಮಲ್ಲೇಶ್ವರ, ಬೆಂಗಳೂರು